ಗಿಟಾರಿಗೆ ಎಷ್ಟು ವಾಟ್ ಬೇಕು?

ಹೊಸದಾಗಿ ಎಲೆಕ್ಟ್ರಿಕ್ ಗಿಟಾರನ್ನು ಕೊಂಡ ತರುಣರು ಅದಕ್ಕೆ ತಕ್ಕ ಆಂಪ್ಲಿಫೈಯರನ್ನು ಅರಸಿ ಅಂಗಡಿಗೆ ಹೋದಾಗ ಅವರ ಬಾಯಿಂದ ಮೊಟ್ಟಮೊದಲು ಹೊರಡುವ ಪ್ರಶ್ನೆ, "ಇದು ಎಷ್ಟು ವಾಟಿನದು?" ಎಂಬುದು. ಅಂಗಡಿಯವರೂ ಆ ಪ್ರಶ್ನೆಗೆ ಒಗ್ಗಿಹೋಗಿರುವುದರಿಂದ 10 ವಾಟಿನ ಪೆಟ್ಟಿಗೆಯನ್ನು ಮನೆಯ ಅಭ್ಯಾಸಕ್ಕೆಂದೂ, 50 ವಾಟಿನದನ್ನು ಸಣ್ಣ ಸಭೆಗೆಂದೂ, 100 ವಾಟಿನದನ್ನು ಮೈದಾನಕ್ಕೆಂದೂ ವಿಂಗಡಿಸಿ ತೋರಿಸುತ್ತಾರೆ. ಕೊಳ್ಳುವವನು ಕೈಯಲ್ಲಿರುವ ಹಣಕ್ಕೂ ಮನಸ್ಸಿನಲ್ಲಿರುವ ಆಸೆಗೂ ಹೇಗೋ ಹೊಂದಾಣಿಕೆ ಮಾಡಿಕೊಂಡು, ಸಾಮಾನ್ಯವಾಗಿ ತನಗೆ ಅವಶ್ಯವಾದುದಕ್ಕಿಂತ ಬಹಳ ದೊಡ್ಡದನ್ನೇ ಹೊತ್ತುಕೊಂಡು ಮನೆಗೆ ಬರುತ್ತಾನೆ. ಆ ಮೊದಲ ಪ್ರಶ್ನೆಯೇ ದಾರಿ ತಪ್ಪಿಸುವಂಥದೆಂಬುದು ನನ್ನ ದೃಢವಾದ ಅಭಿಪ್ರಾಯ. ಸಲಕರಣೆಗಳ ಆಯ್ಕೆಯು ಕೇಳುವವನ ಕಿವಿಯಿಂದ ಹೊರಟು, ಸಭಾಂಗಣ, ಸ್ಪೀಕರ್, ಆಂಪ್ಲಿಫೈಯರ್, ದನಿಯನ್ನು ಮಾರ್ಪಡಿಸುವ ಪೆಡಲ್ ಎಂಬ ಕ್ರಮದಲ್ಲಿ ಹಿಂದು ಹಿಂದಕ್ಕೆ ಬರತಕ್ಕದ್ದು. ನಾವಾದರೋ ಪೆಡಲಿನಿಂದ ಹೊರಟು ಮುಂದಕ್ಕೆ ಹೋಗುತ್ತೇವೆ, ಸಭಾಂಗಣವನ್ನು ತಲಪುವ ವೇಳೆಗೆ ಹಣವೂ ತಾಳ್ಮೆಯೂ ಮುಗಿದಿರುತ್ತವೆ.

ಆಂಪ್ಲಿಫೈಯರ್ ಎಂಬುದು ಸದ್ದನ್ನು ಹೆಚ್ಚಿಸುವ ಯಂತ್ರ ಮಾತ್ರವೆಂದು ತಿಳಿಯುವುದೇ ಈ ಗೊಂದಲದ ಮೂಲ. ವೀಣೆಯನ್ನು ನೋಡಿ: ಅದರ ತಂತಿಯ ಸ್ವಂತ ದನಿ ಒಂದು ಮೊಳದಾಚೆಗೆ ಕೇಳಿಸದು, ಹಲಸಿನ ಮರದಲ್ಲಿ ಕೊರೆದು ತೆಗೆದ ಕೊಡವು ಆ ಕಂಪನವನ್ನು ಸ್ವೀಕರಿಸಿ, ಅದರ ಕೆಲವು ಅಂಶಗಳನ್ನು ಪುಷ್ಟಿಗೊಳಿಸಿ, ಕೆಲವನ್ನು ಅಡಗಿಸಿ, ವೀಣೆಯ ನಾದವೆಂದು ನಮಗೆ ಪರಿಚಿತವಾಗಿರುವ ಆ ಗಾಂಭೀರ್ಯವನ್ನು ಉಂಟುಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ಕೊಡವನ್ನು ವಾದ್ಯದ ಮೈಯಿಂದ ಬಿಡಿಸಿ, ಹತ್ತಿಪ್ಪತ್ತು ಅಡಿ ಕೇಬಲ್ಲಿನ ಆಚೆಗೆ ಬೇರೆಯ ಪೆಟ್ಟಿಗೆಯೊಂದರಲ್ಲಿ ಇಟ್ಟಿದ್ದಾರೆ. ಆದುದರಿಂದ ಆಂಪ್ಲಿಫೈಯರನ್ನು ಆರಿಸುವವನು ವಾದ್ಯದ ಅರ್ಧಭಾಗವನ್ನೇ ಆರಿಸುತ್ತಿರುತ್ತಾನೆ, ಮತ್ತು ಯಾವ ವೈಣಿಕನೂ ಕೊಡದ ಗಾತ್ರವೊಂದನ್ನೇ ಅಳೆದು ವೀಣೆಯನ್ನು ಕೊಳ್ಳುವುದಿಲ್ಲ.

ಹೀಗೆ ಬೇರ್ಪಡಿಸಬೇಕಾಗಿ ಬಂದುದಕ್ಕೆ ಕಾರಣವಿತ್ತು. 1920ರ ದಶಕದ ಅಮೆರಿಕದ ನೃತ್ಯಮಂದಿರಗಳಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ಮುಗಳ ನಡುವೆ ಕುಳಿತ ಗಿಟಾರ್ ವಾದಕನ ಕೈ ಆಡುತ್ತಿದ್ದುದು ಕಾಣುತ್ತಿತ್ತಲ್ಲದೆ ಸ್ವರ ಕೇಳುತ್ತಿರಲಿಲ್ಲ. ಲಾಸ್ ಏಂಜಲೀಸಿನ ಜಾರ್ಜ್ ಬೀಚಮ್ ಎಂಬ ವಾದಕರು 1931ರಲ್ಲಿ ಲಾಳಾಕಾರದ ಅಯಸ್ಕಾಂತಗಳ ನಡುವೆ ತಂತಿಗಳು ಹಾಯ್ದುಹೋಗುವಂತೆ ಮಾಡಿ, ಉಕ್ಕಿನ ತಂತಿಯ ಕಂಪನವನ್ನು ನೇರವಾಗಿ ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವ ಪಿಕಪ್ಪನ್ನು ರೂಪಿಸಿದರು. ಅಡಾಲ್ಫ್ ರಿಕನ್‌ಬ್ಯಾಕರ್ ಅವರೊಡನೆ ಸೇರಿ ಮಾಡಿದ, ದುಂಡನೆಯ ಮೈಯೂ ನೀಳವಾದ ಹಿಡಿಯೂ ಉಳ್ಳ ಆ ವಾದ್ಯವನ್ನು ಜನ ಬಾಣಲೆಯೆಂದೇ ಕರೆದರು. ಪೇಟೆಂಟು ದೊರೆತದ್ದು 1937ರಲ್ಲಿ. ಮರುವರ್ಷ, ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ಲಿಯೋ ಫೆಂಡರ್ ರೇಡಿಯೊ ರಿಪೇರಿಯ ಅಂಗಡಿಯೊಂದನ್ನು ತೆರೆದರು. ಸ್ವತಃ ಗಿಟಾರ್ ನುಡಿಸಲು ಬಾರದಿದ್ದ ಈ ಮಹನೀಯರು, ನುಡಿಸುವವರ ದೂರುಗಳನ್ನು ಅಪಾರ ಸಹನೆಯಿಂದ ಕೇಳುತ್ತ, ರೇಡಿಯೊದ ವಾಲ್ವ್ ಎಂಬ ಗಾಜಿನ ನಳಿಗೆಗಳನ್ನೇ ಬಳಸಿ ಕಟ್ಟಿದ ಆಂಪ್ಲಿಫೈಯರುಗಳು ಇಂದಿಗೂ ಈ ಕ್ಷೇತ್ರದ ಅಳತೆಗೋಲಾಗಿ ಉಳಿದಿವೆ. ಅವು ಯಾವುವೂ ಗಾತ್ರದಲ್ಲಿ ಭಯಂಕರವಾಗಿರಲಿಲ್ಲ. ನೃತ್ಯಮಂದಿರವೊಂದನ್ನು ತುಂಬಿದರೆ ಸಾಕಾಗಿತ್ತು.

ಭಯಂಕರ ಗಾತ್ರ ಬಂದುದು 1960ರ ದಶಕದಲ್ಲಿ, ಮತ್ತು ಅದು ಬಂದ ಬಗೆಯನ್ನು ತಿಳಿದುಕೊಳ್ಳದೆ ಇಂದಿನ ಆಯ್ಕೆ ಸಾಧ್ಯವಿಲ್ಲವೆಂದು ನಾನು ನಂಬಿದ್ದೇನೆ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡದವರು 55,000ಕ್ಕೂ ಹೆಚ್ಚು ಜನರ ಮುಂದೆ ಹಾಡಿದಾಗ, ಅವರಿಗಾಗಿಯೇ ವಾಕ್ಸ್ ಕಂಪನಿಯವರು 100 ವಾಟಿನ ಆಂಪ್ಲಿಫೈಯರುಗಳನ್ನು ಸಿದ್ಧಪಡಿಸಿಕೊಟ್ಟಿದ್ದರು. ಹಾಡುವವರ ದನಿಗೆ ಇದ್ದ ಆಸರೆಯೆಂದರೆ ಬೇಸ್‌ಬಾಲ್ ಪಂದ್ಯದ ಪ್ರಕಟಣೆಗಳಿಗಾಗಿ ಆ ಕ್ರೀಡಾಂಗಣದಲ್ಲಿ ಅಳವಡಿಸಿದ್ದ ಧ್ವನಿವರ್ಧಕಗಳು. ಅಭಿಮಾನಿಗಳ ಕೂಗಿನಲ್ಲಿ ಎಲ್ಲವೂ ಮುಳುಗಿಹೋಯಿತು. ನುಡಿಸುವವರಿಗೆ ತಾವು ನುಡಿಸಿದ್ದೇ ಕೇಳಿಸಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ 'ದ ಹೂ' ತಂಡದ ಪೀಟ್ ಟೌನ್‌ಸೆಂಡ್ ಅವರು ಡ್ರಮ್ ವಾದಕರೂ ಅಂಗಡಿಕಾರರೂ ಆಗಿದ್ದ ಜಿಮ್ ಮಾರ್ಷಲ್ ಅವರ ಬಳಿಗೆ ಹೋಗಿ, ಇನ್ನೂ ದೊಡ್ಡದು ಬೇಕೆಂದು ಕೇಳಿದರು. ಮಾರ್ಷಲ್ ಅವರು 1962ರಲ್ಲಿ ಫೆಂಡರರ ಬಾಸ್‌ಮನ್ ಎಂಬ ಮಾದರಿಯನ್ನು ಅನುಸರಿಸಿ ತಮ್ಮ ಮೊದಲ ಆಂಪ್ಲಿಫೈಯರನ್ನು ಮಾಡಿದ್ದರು. ಈಗ 100 ವಾಟಿನದನ್ನು ಕಟ್ಟಿ, ಅದರ ಕೆಳಗೆ 12 ಅಂಗುಲದ ನಾಲ್ಕು ನಾಲ್ಕು ಸ್ಪೀಕರುಗಳ ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇರಿಸಿದರು. ಆಳುದ್ದದ ಆ ಗೋಪುರವೇ ಮುಂದೆ ರಾಕ್ ಸಂಗೀತದ ಲಾಂಛನವಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ಗೋಪುರಗಳು ಬೆಳೆದುದು ಗಿಟಾರಿನ ನಾದಕ್ಕೆ ಅಷ್ಟು ಶಕ್ತಿ ಅವಶ್ಯವೆಂಬ ಕಾರಣಕ್ಕಲ್ಲ. ಗಿಟಾರಿನ ದನಿಯನ್ನು ಕೊನೆಯ ಸಾಲಿನ ಕೇಳುಗನವರೆಗೆ ಒಯ್ಯುವ ಬೇರೆ ಯಾವ ವ್ಯವಸ್ಥೆಯೂ ಆಗ ಇರಲಿಲ್ಲವೆಂಬ ಕಾರಣಕ್ಕೆ. ಆ ವ್ಯವಸ್ಥೆ ಬಹುಬೇಗ ಬಂದಿತು. ಇಂಗ್ಲೆಂಡಿನಲ್ಲಿ ಚಾರ್ಲಿ ವಾಟ್ಕಿನ್ಸ್ ಅವರು 1967ರ ವಿಂಡ್ಸರ್ ಸಂಗೀತೋತ್ಸವಕ್ಕೆ 1000 ವಾಟಿನ ಧ್ವನಿವ್ಯವಸ್ಥೆಯನ್ನು ಕಟ್ಟಿದರು. ಅಮೆರಿಕದಲ್ಲಿ ಬಿಲ್ ಹ್ಯಾನ್ಲಿ ಅವರು 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆಯ ಇಕ್ಕೆಲಗಳಲ್ಲಿ ಎತ್ತರದ ಅಟ್ಟಣೆಗಳನ್ನು ನಿಲ್ಲಿಸಿ, ಲಕ್ಷಾಂತರ ಜನಕ್ಕೆ ಹಾಡನ್ನು ಮುಟ್ಟಿಸಿದರು. ಅಲ್ಲಿಂದೀಚೆಗೆ ಗಿಟಾರಿನ ಸ್ಪೀಕರಿನ ಎದುರು ಒಂದು ಮೈಕನ್ನು ಇಟ್ಟು, ಅದರ ಸಂಕೇತವನ್ನು ಸಭೆಯ ದೊಡ್ಡ ಸ್ಪೀಕರುಗಳಿಗೆ ಕಳಿಸುವುದೇ ಪದ್ಧತಿಯಾಯಿತು. ದೂರಕ್ಕೆ ಮುಟ್ಟಿಸುವ ಹೊಣೆ ಹೀಗೆ ಆಂಪ್ಲಿಫೈಯರಿನ ಹೆಗಲಿನಿಂದ ಇಳಿದುಹೋಯಿತು. ಆದರೆ ಗೋಪುರದ ಚಿತ್ರ ಜನರ ಕಣ್ಣಿನಿಂದ ಇಳಿಯಲಿಲ್ಲ. 2011ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡದವರೇ 2013ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕದ ಕಾರ್ಲೀನಿ ನೆಲೆಯಲ್ಲಿ, ಸುತ್ತಣ ಜೀವಿಗಳಿಗೆ ತೊಂದರೆಯಾಗದಂತೆ, ಒಂದೂ ಧ್ವನಿವರ್ಧಕವಿಲ್ಲದೆ, ಕೇಳುಗರೆಲ್ಲರಿಗೂ ಹೆಡ್‌ಫೋನ್ ಕೊಟ್ಟು ಕಚೇರಿ ನಡೆಸಿದರು. ಅತ್ಯಂತ ಗಟ್ಟಿದನಿಯದೆಂದು ಹೆಸರಾದ ಸಂಗೀತಕ್ಕೂ ಗೋಪುರ ಅನಿವಾರ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇನ್ನು ವಾಟಿನ ಲೆಕ್ಕಕ್ಕೆ ಬರೋಣ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿ ಮಾಡಿದರೆ ಸದ್ದು ಇಮ್ಮಡಿಯಾಗುವುದೆಂದು ತೋರುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಶಕ್ತಿ ಇಮ್ಮಡಿಯಾದರೆ ಸದ್ದಿನ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಅದು ಕಿವಿಗೆ ಗೊತ್ತಾಗುವಷ್ಟು ಏರಿಕೆ, ಅಷ್ಟೆ. ಕೇಳುವವನಿಗೆ ಸದ್ದು ಎರಡರಷ್ಟಾಯಿತೆಂದು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಶಕ್ತಿ ಹತ್ತರಷ್ಟಾಗಬೇಕು. ಎಂದರೆ 10 ವಾಟಿನ ಪೆಟ್ಟಿಗೆಯ ಪಕ್ಕದಲ್ಲಿ 100 ವಾಟಿನದು ಎರಡರಷ್ಟು ಗಟ್ಟಿಯಾಗಿ ಕೇಳಿಸುತ್ತದೆಯೇ ಹೊರತು ಹತ್ತರಷ್ಟಲ್ಲ. 50 ವಾಟನ್ನು ಬಿಟ್ಟು 100 ವಾಟನ್ನು ಕೊಂಡವನು ಹೆಚ್ಚಿನ ಹಣ ತೆತ್ತು ಪಡೆದುದು ಆ 3 ಡೆಸಿಬೆಲ್ ಮಾತ್ರ. ಅದೇ 3 ಡೆಸಿಬೆಲ್ಲನ್ನು ಬೇರೆ ದಾರಿಯಿಂದ ಪಡೆಯುವುದುಂಟು. ಸ್ಪೀಕರುಗಳ ವಿವರಪತ್ರದಲ್ಲಿ, 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಹೊರಡುತ್ತದೆಂದು ನಮೂದಿಸಿರುತ್ತಾರೆ. 97 ಎಂದಿರುವ ಸ್ಪೀಕರನ್ನು ತೆಗೆದು 100 ಎಂದಿರುವುದನ್ನು ಜೋಡಿಸಿದರೆ, ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿ ಮಾಡಿದಷ್ಟೇ ಫಲ. ಈ ಒಂದು ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳುವ ಗಿರಾಕಿಗಳು ಅತಿ ವಿರಳ.

ವಾಟಿನ ವಿಷಯದಲ್ಲಿ ಮಿತಿಯನ್ನು ಬಯಸಲು ಇದಕ್ಕಿಂತಲೂ ಆಳವಾದ ಕಾರಣವೊಂದಿದೆ. ಎಲೆಕ್ಟ್ರಿಕ್ ಗಿಟಾರಿನ ಅತ್ಯಂತ ಪ್ರಿಯವಾದ ನಾದವು ಯಂತ್ರದ ಬಲಹೀನತೆಯಿಂದ ಹುಟ್ಟಿದುದು. ವಾಲ್ವ್ ಆಂಪ್ಲಿಫೈಯರಿಗೆ ಅದರ ಶಕ್ತಿಗೆ ಮೀರಿದ ಕೆಲಸವನ್ನು ಒಪ್ಪಿಸಿದಾಗ, ಅಲೆಯ ತುದಿಗಳು ಮೊಂಡಾಗಿ, ಮೂಲಸ್ವರದೊಡನೆ ಹೊಸ ಹೊಸ ಅನುಸ್ವರಗಳು ಸೇರಿಕೊಂಡು, ಒಂದು ಒರಟಾದ, ದೀರ್ಘವಾದ, ಮಾನುಷ ಕಂಠವನ್ನು ನೆನಪಿಗೆ ತರುವ ದನಿ ಹೊರಡುತ್ತದೆ. ಡಿಸ್ಟಾರ್ಷನ್ ಎಂಬ ಇದನ್ನು ಮೊದಮೊದಲು ದೋಷವೆಂದೇ ಎಣಿಸಿದ್ದರು. 1951ರಲ್ಲಿ ಮೆಂಫಿಸ್ ನಗರದಲ್ಲಿ 'ರಾಕೆಟ್ 88' ಎಂಬ ಹಾಡನ್ನು ಮುದ್ರಿಸಲು ಬಂದ ತಂಡದ ಗಿಟಾರ್ ಆಂಪ್ಲಿಫೈಯರ್ ದಾರಿಯಲ್ಲಿಯೇ ಕೆಟ್ಟು ಸ್ಪೀಕರಿನ ಕಾಗದ ಹರಿದಿತ್ತು. ಸ್ಟುಡಿಯೊದ ಸ್ಯಾಮ್ ಫಿಲಿಪ್ಸ್ ಅವರು ಬೇರೊಂದನ್ನು ತರಿಸುವುದನ್ನು ಬಿಟ್ಟು, ಆ ಸ್ಪೀಕರಿನೊಳಕ್ಕೆ ಕಾಗದವನ್ನು ತುರುಕಿ, ಅದರ ಗುರುಗುಟ್ಟುವ ದನಿಯನ್ನೇ ಮುದ್ರಿಸಿಕೊಂಡರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹದಿಹರೆಯದ ಹುಡುಗ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ತಾನೇ ಸೀಳಿದ. ಆಕಸ್ಮಿಕವಾಗಿ ಒದಗಿದ್ದ ದನಿಯನ್ನು ಹದಿಮೂರು ವರ್ಷಗಳಲ್ಲಿ ಕಲಾವಿದರು ಬೇಕೆಂದೇ ಬಯಸತೊಡಗಿದ್ದರು.

ಈಗ ಯೋಚಿಸಿ. 100 ವಾಟಿನ ವಾಲ್ವ್ ಆಂಪ್ಲಿಫೈಯರ್ ಈ ರೀತಿ ಬಳಲಬೇಕಾದರೆ ಅದನ್ನು ಎಷ್ಟು ಗಟ್ಟಿಯಾಗಿ ನುಡಿಸಬೇಕು? ಯಾವ ಮನೆಯಲ್ಲಿಯೂ, ಯಾವ ಕಾಲೇಜಿನ ಸಭಾಂಗಣದಲ್ಲಿಯೂ ಅದು ಶಕ್ಯವಿಲ್ಲ. ವಾಲ್ಯೂಮ್ ನಾಬನ್ನು ಎರಡರಲ್ಲಿ ಇಟ್ಟು ನುಡಿಸಿದರೆ ಆ ಭಾರಿಯ ಪೆಟ್ಟಿಗೆ ತನ್ನ ಸ್ವಭಾವವನ್ನೇ ತೋರದೆ ಸಪ್ಪೆಯಾಗಿ ಉಳಿಯುತ್ತದೆ. ಡ್ರಮ್ ವಾದಕನೊಬ್ಬನಿಗೆ ಸಮನಾಗಿ ನಿಲ್ಲಲು 15ರಿಂದ 22 ವಾಟಿನ ವಾಲ್ವ್ ಆಂಪ್ಲಿಫೈಯರ್ ಧಾರಾಳವಾಗಿ ಸಾಕು. 1963ರಲ್ಲಿ ಬಂದ ಫೆಂಡರ್ ಡಿಲಕ್ಸ್ ರಿವರ್ಬ್, ಕೇವಲ 22 ವಾಟ್ ಮತ್ತು 12 ಅಂಗುಲದ ಒಂದೇ ಸ್ಪೀಕರಿನೊಡನೆ, ಲೆಕ್ಕವಿಲ್ಲದಷ್ಟು ಧ್ವನಿಮುದ್ರಿಕೆಗಳಲ್ಲಿ ಕೇಳಿಸುತ್ತದೆ. ಇದಕ್ಕೆ ಅಪವಾದಗಳಿಲ್ಲದೆ ಇಲ್ಲ. ಜಾಝ್ ನುಡಿಸುವವರು ಸ್ವರ ಎಲ್ಲಿಯೂ ಒಡೆಯದಿರಲೆಂದು ಹೆಚ್ಚಿನ ವಾಟನ್ನು ಬಯಸುವುದು ನ್ಯಾಯವೇ. ಬೇಸ್ ಗಿಟಾರಿಗಂತೂ, ಮಂದ್ರ ಸ್ವರಗಳಿಗೆ ನಮ್ಮ ಕಿವಿ ಮಂದವಾದುದರಿಂದ, ನೂರಾರು ವಾಟ್ ಬೇಕೇ ಬೇಕು. ಆದರೆ ಈ ಎರಡು ವರ್ಗಗಳಿಗೆ ಸೇರದವರು ದೊಡ್ಡದನ್ನು ಕೊಂಡು ಪಡೆಯುವುದು ಬೆನ್ನುನೋವನ್ನು ಮಾತ್ರ.

ವಾಲ್ವ್ ಆಂಪ್ಲಿಫೈಯರುಗಳಲ್ಲಿ ಮೂರು ಮುಖ್ಯ ಸಂಪ್ರದಾಯಗಳಿವೆಯೆನ್ನಬಹುದು. ಫೆಂಡರರದು ತಿಳಿಯಾದ, ಮಂದ್ರವೂ ತಾರವೂ ತುಂಬಿದ, ಮಧ್ಯದಲ್ಲಿ ಕೊಂಚ ತಗ್ಗಿದ ನಾದ. ಹಾಡುವವರ ಹಿಂದೆ ನುಡಿಸುವವನಿಗೆ ಇದಕ್ಕಿಂತ ವಿನಯಶಾಲಿಯಾದ ಸಂಗಾತಿಯಿಲ್ಲ. ಮಾರ್ಷಲ್ಲಿನದು ಮಧ್ಯಸ್ವರಗಳಲ್ಲಿ ಮುಂದಕ್ಕೆ ನುಗ್ಗುವ ಗಡಸು ನಾದ. ವಾಕ್ಸ್ ಎಸಿ30 ಎಂಬುದರಲ್ಲಿ ತಾರಸ್ಥಾಯಿ ಗಾಜಿನ ಬಳೆಗಳಂತೆ ಕಿಣಿಕಿಣಿಸುತ್ತದೆ. ಇಂದಿನ ಬಹುಪಾಲು ತಯಾರಿಕೆಗಳು ಈ ಮೂರರ ಸಂತಾನವೇ ಆದುದರಿಂದ, ಕೊಳ್ಳುವ ಮೊದಲು ಮೂರನ್ನೂ ತಮ್ಮ ಸ್ವಂತ ಗಿಟಾರಿನಲ್ಲಿ ನುಡಿಸಿ, ತಮ್ಮ ಕೈ ಯಾವುದಕ್ಕೆ ಒಲಿಯುತ್ತದೆಂದು ನೋಡಿಕೊಳ್ಳುವುದು ಲೇಸು.

ಸ್ಪೀಕರಿನ ಬಗೆಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಿಟಾರಿನ ಸ್ಪೀಕರ್ ಸಾಮಾನ್ಯ ಧ್ವನಿವರ್ಧಕದಂತೆ ಎಲ್ಲ ಆವೃತ್ತಿಗಳನ್ನೂ ನಿಷ್ಪಕ್ಷಪಾತವಾಗಿ ನುಡಿಯುವುದಿಲ್ಲ. ಸುಮಾರು 5000 ಹರ್ಟ್ಸ್ ದಾಟಿದೊಡನೆ ಅದರ ದನಿ ಕಡಿದಾಗಿ ಇಳಿದುಹೋಗುತ್ತದೆ. ಈ ಕೊರತೆಯೇ ಅದರ ಗುಣ. ಡಿಸ್ಟಾರ್ಷನ್ ಪೆಡಲಿನಿಂದ ಹೊರಟ ಸಂಕೇತವನ್ನು ನೇರವಾಗಿ ಮೈಕ್‌ಸೆಟ್ಟಿನ ಮಿಕ್ಸರಿಗೆ ಕೊಟ್ಟುನೋಡಿದವರಿಗೆ ಗೊತ್ತು, ಕಣಜವೊಂದು ಡಬ್ಬಿಯೊಳಗೆ ಸಿಕ್ಕಿಕೊಂಡಂತಹ ಅಸಹ್ಯವಾದ ಗುಂಯ್‌ಗಾಟವೊಂದು ಕೇಳಿಬರುತ್ತದೆ. ಗಿಟಾರ್ ಸ್ಪೀಕರ್ ಸೋಸಿ ಬಿಡುತ್ತಿದ್ದ ಕರ್ಕಶ ಅನುಸ್ವರಗಳೆಲ್ಲ ಅಲ್ಲಿ ಸೋಸದೆ ಹೊರಬಿದ್ದಿರುತ್ತವೆ. ಆಂಪ್ಲಿಫೈಯರಿಲ್ಲದೆ ನೇರವಾಗಿ ನುಡಿಸಬಯಸುವವರು ಸ್ಪೀಕರನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಉಳ್ಳ ಉಪಕರಣವನ್ನೇ ಬಳಸಬೇಕು. ವಾಲ್ವಿನವರಾದರೋ ಇನ್ನೊಂದು ಎಚ್ಚರವನ್ನು ಪಾಲಿಸಬೇಕು: ಸ್ಪೀಕರನ್ನು ಜೋಡಿಸದೆ ಆಂಪ್ಲಿಫೈಯರನ್ನು ಎಂದಿಗೂ ನುಡಿಸಬಾರದು, ಮತ್ತು ಎರಡರ ಓಮ್ ಸಂಖ್ಯೆಯೂ ಒಂದೇ ಆಗಿರಬೇಕು, ತಪ್ಪಿದರೆ ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇಷ್ಟೆಲ್ಲ ವಾಲ್ವಿನ ಗುಣಗಾನ ಮಾಡಿದ ಮೇಲೂ, ನಮ್ಮ ಕಡೆಯ ಬಹುಮಂದಿ ವಾದಕರಿಗೆ ಅದನ್ನು ಕೊಳ್ಳಿರೆಂದು ಹೇಳಲು ನನಗೆ ಮನಸ್ಸು ಬಾರದು. ವಾಲ್ವುಗಳು ಸವೆಯುತ್ತವೆ, ಬದಲಿ ವಾಲ್ವುಗಳು ದುಬಾರಿ. ಒಳಗೆ 400 ವೋಲ್ಟಿಗೂ ಮೀರಿದ ವಿದ್ಯುತ್ತು ಹರಿಯುತ್ತದೆ, ಪ್ಲಗ್ಗನ್ನು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ, ಅಂತಹುದನ್ನು ಬಲ್ಲವರಲ್ಲದವರು ಬಿಚ್ಚುವುದು ಪ್ರಾಣಾಪಾಯ. ಬಲ್ಲವರು ಸಿಗುವುದು ಬೆಂಗಳೂರಿನಂತಹ ಊರುಗಳಲ್ಲಿ ಮಾತ್ರ. ಅಮೆರಿಕದಲ್ಲಿರುವ ನೆಂಟರು ಪ್ರೀತಿಯಿಂದ ತಂದುಕೊಟ್ಟ ಪೆಟ್ಟಿಗೆಯಾದರೆ ಇನ್ನೊಂದು ತೊಡಕು: ಅಲ್ಲಿನ ವಿದ್ಯುತ್ತು 120 ವೋಲ್ಟ್, ಇಲ್ಲಿನದು 230, ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು ಇಡದೆ ಚುಚ್ಚಿದರೆ ಆ ಪ್ರೀತಿಯೆಲ್ಲ ಒಂದು ಕ್ಷಣದಲ್ಲಿ ಹೊಗೆಯಾಗುತ್ತದೆ. ಟ್ರಾನ್ಸಿಸ್ಟರಿನ ಆಂಪ್ಲಿಫೈಯರುಗಳನ್ನು ಕೀಳೆಂದು ಕಾಣುವ ಕಾಲ ಹೋಗಿದೆ. 1975ರಲ್ಲಿ ಬಂದ ರೋಲಂಡ್ ಜಾಝ್ ಕೋರಸ್ ಒಂದೂ ವಾಲ್ವಿಲ್ಲದೆ ನೀಡುವ ನಿರ್ಮಲವಾದ ನಾದಕ್ಕೆ ಇಂದಿಗೂ ಸಾಟಿ ಕಡಿಮೆ. ಡಿಜಿಟಲ್ ಮಾಡೆಲಿಂಗ್ ಎಂಬ ವಿದ್ಯೆಯೂ, 1998ರ ಲೈನ್ 6 ಪಾಡ್ ಎಂಬ ಕೆಂಪು ಡಬ್ಬಿಯಿಂದ ಇಂದಿನವರೆಗೆ, ಪ್ರಸಿದ್ಧ ಆಂಪ್ಲಿಫೈಯರುಗಳ ನಡವಳಿಕೆಯನ್ನು ಗಣಿತದಿಂದ ಅನುಕರಿಸುವುದರಲ್ಲಿ ಎಷ್ಟು ಮುಂದುವರಿದಿದೆಯೆಂದರೆ, ಸಭೆಯಲ್ಲಿ ಕುಳಿತು ಕೇಳುವವನಿಗೆ ಅಸಲು ನಕಲುಗಳ ಭೇದ ಗೊತ್ತಾಗದು. ನುಡಿಸುವವನ ಬೆರಳಿಗೆ ಏನೋ ಒಂದು ವ್ಯತ್ಯಾಸ ತಿಳಿಯುವುದುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಗಣೇಶೋತ್ಸವದ ರಸಮಂಜರಿಯಲ್ಲಿ ನುಡಿಸುವ ವಾದಕನ ಸ್ಥಿತಿಯನ್ನು ನೆನೆದರೆ ಈ ಡಿಜಿಟಲ್ ಉಪಕರಣಗಳ ಬೆಲೆ ತಿಳಿಯುತ್ತದೆ. ಒಂದೇ ರಾತ್ರಿಯಲ್ಲಿ ಅವನು ರಾಜನ್–ನಾಗೇಂದ್ರರ ಮಾಧುರ್ಯಗೀತೆಗೆ ತಿಳಿಯಾದ ನಾದವನ್ನೂ, ಹಂಸಲೇಖರ ಹಾಡಿಗೆ ಬೇರೊಂದು ಬಣ್ಣವನ್ನೂ, ಮೊನ್ನೆ ತೆರೆಕಂಡ ಚಿತ್ರದ ಹಾಡಿಗೆ ಗುಡುಗುವ ಡಿಸ್ಟಾರ್ಷನ್ನನ್ನೂ ಒದಗಿಸಬೇಕು. ಹಾಡಿಗೂ ಹಾಡಿಗೂ ನಡುವೆ ನಿರೂಪಕರು ನಾಲ್ಕು ಮಾತಾಡುವಷ್ಟೇ ಬಿಡುವು. ಬಿಡಿ ಬಿಡಿ ಪೆಡಲುಗಳನ್ನು ಬಗ್ಗಿ ತಿರುಗಿಸುತ್ತ ಕೂರಲು ಸಮಯವೆಲ್ಲಿ? ಹಾಡಿಗೊಂದರಂತೆ ಮೊದಲೇ ಹದಮಾಡಿ ಕೂಡಿಸಿಟ್ಟು, ಕಾಲಿನಿಂದ ಒತ್ತಿ ಕರೆಯಬಹುದಾದ ಮಲ್ಟಿ-ಎಫೆಕ್ಟ್ ಪ್ರೊಸೆಸರ್ ಅಂತಹವನಿಗೆ ಸರ್ವಥಾ ಯೋಗ್ಯವಾದುದು. ಆದರೆ ಆ ಹದವನ್ನು ಮನೆಯ ಕೋಣೆಯಲ್ಲಿ ಮೆಲುದನಿಯಲ್ಲಿ ಮಾಡಿಟ್ಟರೆ ವೇದಿಕೆಯ ಮೇಲೆ ಕೆಡುತ್ತದೆ. ಕಾರಣವನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದಾರೆ: ಸದ್ದು ಸಣ್ಣದಾಗಿರುವಾಗ ನಮ್ಮ ಕಿವಿಗೆ ಮಂದ್ರವೂ ತಾರವೂ ಕಡಿಮೆ ಕೇಳುತ್ತವೆ, ಅವನ್ನು ತುಂಬಿಕೊಳ್ಳಲೆಂದು ನಾವು ನಾಬುಗಳನ್ನು ಏರಿಸುತ್ತೇವೆ, ವೇದಿಕೆಯ ಗಟ್ಟಿದನಿಯಲ್ಲಿ ಅದೇ ಏರಿಕೆ ಗುಡುಗಾಗಿ, ಗೀರಾಗಿ ಹೊರಬೀಳುತ್ತದೆ, ಹಾಡಿಗೆ ಬೇಕಾದ ಮಧ್ಯಭಾಗ ಮಾತ್ರ ಮಾಯವಾಗಿರುತ್ತದೆ.

ಎಫೆಕ್ಟುಗಳ ಮೋಹ ಬಲು ದೊಡ್ಡದು, ಅವುಗಳ ಚರಿತ್ರೆಯೂ ರಮ್ಯವಾದುದು. 1961ರಲ್ಲಿ ನ್ಯಾಶ್‌ವಿಲ್ಲಿನ ಸ್ಟುಡಿಯೊವೊಂದರಲ್ಲಿ ಮಿಕ್ಸರಿನ ಟ್ರಾನ್ಸ್‌ಫಾರ್ಮರ್ ಕೆಟ್ಟು ಬೇಸ್ ಗಿಟಾರಿನ ದನಿ ಬಿರುಕುಬಿಟ್ಟಾಗ, ಅಲ್ಲಿನ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಬಿರುಕನ್ನೇ ಬೇಕೆಂದಾಗ ಪಡೆಯಬಹುದಾದ ಸರ್ಕೀಟೊಂದನ್ನು ರಚಿಸಿದರು. ಅದು 1962ರಲ್ಲಿ ಮೆಸ್ಟ್ರೊ ಫಜ್-ಟೋನ್ ಎಂಬ ಪೆಡಲಾಗಿ ಮಾರುಕಟ್ಟೆಗೆ ಬಂದಿತು, 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರ ಕೈಯಲ್ಲಿ ಲೋಕಪ್ರಸಿದ್ಧವಾಯಿತು. 1979ರ ಐಬನೆಜ್ ಟ್ಯೂಬ್ ಸ್ಕ್ರೀಮರ್ ಎಂಬ ಹಸಿರು ಪೆಡಲು ಇನ್ನೊಂದು ಉದಾಹರಣೆ. ಅದರ ಮಹಿಮೆ ಡಿಸ್ಟಾರ್ಷನ್ನಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಮಂದ್ರವನ್ನು ಕತ್ತರಿಸಿ ಮಧ್ಯವನ್ನು ಎತ್ತುವುದರಲ್ಲಿದೆ. ಮನೆಯಲ್ಲಿ ಒಂಟಿಯಾಗಿ ಕೇಳಿದಾಗ ತೆಳ್ಳಗೆನಿಸುವ ಆ ದನಿ, ಬೇಸ್ ಗಿಟಾರೂ ಡ್ರಮ್ಮೂ ಸೇರಿದೊಡನೆ ತನ್ನ ಜಾಗವನ್ನು ತಾನೇ ಹುಡುಕಿಕೊಂಡು ಕುಳಿತುಕೊಳ್ಳುತ್ತದೆ. ಅಂಗಡಿಯಲ್ಲಿ ಒಂಟಿಯಾಗಿ ಕೇಳಿ ಪೆಡಲನ್ನು ತೀರ್ಮಾನಿಸಬಾರದೆಂದು ನಾನು ಹೇಳುವುದು ಇದರಿಂದಲೇ.

ಜೋಡಿಸುವ ಕ್ರಮದಲ್ಲಿ ಗೂಢವೇನೂ ಇಲ್ಲ. ವಾ ಪೆಡಲು ಮೊದಲು, ಆಮೇಲೆ ದನಿಯನ್ನು ಒಡೆಯುವ ಓವರ್‌ಡ್ರೈವ್, ಅನಂತರ ಕೋರಸ್ಸಿನಂತಹವು, ಕಡೆಯಲ್ಲಿ ಡಿಲೇ ಮತ್ತು ರಿವರ್ಬ್: ಮೊದಲು ದನಿ ಹುಟ್ಟಬೇಕು, ಆಮೇಲೆ ಅದರ ಪ್ರತಿಧ್ವನಿ. ಡಿಲೇಯನ್ನು ಓವರ್‌ಡ್ರೈವಿನ ಮುಂಚೆ ಇಟ್ಟರೆ ಪ್ರತಿಧ್ವನಿಗಳೆಲ್ಲ ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ. ಡಿಲೇಯನ್ನು ಹಾಡಿನ ಲಯಕ್ಕೆ ಹೊಂದಿಸುವುದೂ ಸುಲಭವಾದ ಭಾಗಾಕಾರ. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಒಂದು ಎಣಿಕೆಗೆ 500 ಮಿಲಿಸೆಕೆಂಡು. ಪೆಡಲುಗಳ ಪವರ್ ಸಪ್ಲೈ ಮಾತ್ರ ಕೈಬಿಗಿ ಹಿಡಿಯಬೇಕಾದ ಜಾಗವಲ್ಲ. ಅಗ್ಗದ ಒಂದೇ ಅಡಾಪ್ಟರಿನಿಂದ ಆರು ಪೆಡಲುಗಳಿಗೆ 9 ವೋಲ್ಟನ್ನು ಹಂಚಿದರೆ ಕೊರೆಯುವ ಸದ್ದೊಂದು ಸೇರಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕವಾದ ಹೊರದಾರಿಯುಳ್ಳ ಸಪ್ಲೈ ಬೇಕು.

ರಿವರ್ಬಿನ ವಿಷಯದಲ್ಲಿ ನಮ್ಮ ಕಲ್ಯಾಣಮಂಟಪಗಳು ಒಂದು ವಿಶೇಷ ಪಾಠವನ್ನು ಕಲಿಸುತ್ತವೆ. ಗ್ರಾನೈಟ್ ನೆಲ, ಸಿಮೆಂಟಿನ ಗೋಡೆ, ಎತ್ತರದ ತಾರಸಿ, ಮೆತ್ತನೆಯ ವಸ್ತುವೆಂದರೆ ಬಂದವರ ಬಟ್ಟೆಬರೆ ಮಾತ್ರ. ಒಂದು ಚಪ್ಪಾಳೆ ತಟ್ಟಿದರೆ ಅದರ ಮಾರ್ದನಿ ಸೆಕೆಂಡುಗಟ್ಟಲೆ ಸುತ್ತುತ್ತದೆ. ಅಂತಹ ಕಡೆ ಕಟ್ಟಡವೇ ಬೇಕಾದುದಕ್ಕಿಂತ ಹೆಚ್ಚು ರಿವರ್ಬನ್ನು ಉಚಿತವಾಗಿ ಒದಗಿಸುತ್ತಿರುವಾಗ, ಪೆಡಲಿನದನ್ನೂ ಸೇರಿಸುವುದರಿಂದ ಸ್ವರಗಳ ಅಂಚು ಪೂರ್ತಿ ಅಳಿಸಿಹೋಗುತ್ತದೆ. ಅಲ್ಲಿ ರಿವರ್ಬನ್ನು ಆರಿಸಿ, ಮಂದ್ರವನ್ನು ತಗ್ಗಿಸಿ, ವೇದಿಕೆಯ ಮೇಲಿನ ಸದ್ದನ್ನು ಆದಷ್ಟು ಕುಗ್ಗಿಸಬೇಕು. ಬಯಲಿನಲ್ಲಿ ಹಾಕಿದ ಪೆಂಡಾಲಿನಲ್ಲಾದರೆ ಸ್ಥಿತಿ ತದ್ವಿರುದ್ಧ. ಸದ್ದು ಹೊರಟುಹೋಗುತ್ತದೆ, ಮರಳುವುದಿಲ್ಲ, ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ಲಿನಂತೆ ಇಳಿಯುತ್ತದೆ.

ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್‌ಚೆಕ್ ಎಂಬುದನ್ನು ಕೆಲವರು "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎನ್ನುವಷ್ಟಕ್ಕೆ ಮುಗಿಸಿಬಿಡುತ್ತಾರೆ. ಗಿಟಾರಿನ ಮಟ್ಟಿಗೆ ಅದರ ಸಾರವೆಲ್ಲ ಒಂದು ಮೈಕಿನ ಸ್ಥಾನದಲ್ಲಿದೆ. ಶೂರ್ ಕಂಪನಿಯ ಎಸ್‌ಎಂ57 ಎಂಬ ಮೈಕು 1965ರಿಂದ ಇಂದಿನವರೆಗೆ ಹೆಚ್ಚು ಬದಲಾವಣೆಯಿಲ್ಲದೆ ಇದೇ ಕೆಲಸವನ್ನು ಮಾಡುತ್ತಿದೆ. ಸ್ಪೀಕರಿನ ಮುಂದಿನ ಬಟ್ಟೆಗೆ ಟಾರ್ಚ್ ಹಿಡಿದು ನೋಡಿದರೆ ನಡುವೆ ಗುಂಡನೆಯ ಉಬ್ಬೊಂದು ಕಾಣುತ್ತದೆ. ಮೈಕಿನ ಮೂತಿಯನ್ನು ಆ ಉಬ್ಬಿನ ನೇರಕ್ಕೆ, ಬಟ್ಟೆಯಿಂದ ಒಂದು ಅಂಗುಲದಷ್ಟು ದೂರ ಇಟ್ಟರೆ ದನಿ ಚುಚ್ಚುವಂತೆ ತೀಕ್ಷ್ಣವಾಗಿರುತ್ತದೆ. ಉಬ್ಬಿನ ಅಂಚಿಗೆ ಸರಿಸಿದರೆ ಆ ತೀಕ್ಷ್ಣತೆ ಇಳಿದು ಮೈ ತುಂಬಿಕೊಳ್ಳುತ್ತದೆ. ಇನ್ನೂ ಹೊರಕ್ಕೆ ಹೋದರೆ ಕಂಬಳಿ ಹೊದಿಸಿದಂತೆ ಮಂಕಾಗುತ್ತದೆ. ಒಂದೊಂದು ಅಂಗುಲವೂ ಟ್ರೆಬಲ್ ನಾಬನ್ನು ಪೂರ್ತಿ ತಿರುಗಿಸಿದ್ದಕ್ಕಿಂತ ಹೆಚ್ಚಿನ ಬದಲಾವಣೆಯನ್ನು ಮಾಡುತ್ತದೆ. ಗೆಳೆಯನೊಬ್ಬನನ್ನು ಗಿಟಾರಿಗೆ ಕೂರಿಸಿ, ತಾನು ಸಭೆಯ ನಡುವೆ ನಿಂತು, ಮೈಕನ್ನು ಸರಿಸಲು ಹೇಳುತ್ತ ಕೇಳುವ ಹತ್ತು ನಿಮಿಷಗಳು ಹತ್ತು ಸಾವಿರ ರೂಪಾಯಿಯ ಪೆಡಲಿಗಿಂತ ಹೆಚ್ಚು ಫಲ ಕೊಡುತ್ತವೆ. ಹಾಗೆಯೇ ಆಂಪ್ಲಿಫೈಯರನ್ನು ನೆಲದ ಮೇಲಿಟ್ಟು ಅದರೆದುರು ನಿಲ್ಲುವವನ ಮೊಣಕಾಲಿಗೆ ಮಾತ್ರ ಅದರ ತಾರಸ್ವರಗಳು ತಗಲುತ್ತವೆ. ತನಗೆ ಕೇಳಿಸಲಿಲ್ಲವೆಂದು ಅವನು ಏರಿಸುತ್ತ ಹೋಗುತ್ತಾನೆ, ಮುಂದಿನ ಸಾಲಿನಲ್ಲಿ ನೇರಕ್ಕೆ ಕುಳಿತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಪೆಟ್ಟಿಗೆಯನ್ನು ಹಿಂದಕ್ಕೆ ಒರಗಿಸಿ ತನ್ನ ಕಿವಿಗೇ ಗುರಿಯಿಟ್ಟುಕೊಂಡರೆ ಈ ಜಗಳವೆಲ್ಲ ತೀರುತ್ತದೆ.

ಅಕೌಸ್ಟಿಕ್ ಗಿಟಾರಿನವರಿಗೆ ಆಂಪ್ಲಿಫೈಯರಿಗಿಂತ ಡಿಐ ಬಾಕ್ಸ್ ಎಂಬ ಚಿಕ್ಕ ಪೆಟ್ಟಿಗೆ ಮುಖ್ಯ. ಅವರ ಪಿಕಪ್ಪಿನ ದುರ್ಬಲವಾದ ಸಂಕೇತವನ್ನು ಅದು ಉದ್ದವಾದ ಮೈಕ್ ಕೇಬಲ್ಲಿನಲ್ಲಿ ಗದ್ದಲವಿಲ್ಲದೆ ಸಾಗುವಂತೆ ಮಾರ್ಪಡಿಸುತ್ತದೆ. ಅವರ ಶತ್ರುವೆಂದರೆ ಮೈಕ್ ಕೂಗುವಂತೆ ಗಿಟಾರೇ ಕೂಗತೊಡಗುವುದು: ಸ್ಪೀಕರಿನ ಸದ್ದು ವಾದ್ಯದ ಟೊಳ್ಳಾದ ಮೈಯನ್ನು ನಡುಗಿಸಿ, ಆ ನಡುಕ ಮತ್ತೆ ಸ್ಪೀಕರಿಗೆ ಹೋಗುವ ಚಕ್ರ. ಗಿಟಾರಿನ ನಡುವಿನ ರಂಧ್ರಕ್ಕೆ ರಬ್ಬರಿನ ಮುಚ್ಚಳ ಹಾಕುವುದು ಹತ್ತಾರು ನಾಬುಗಳಿಗಿಂತ ಸರಳವಾದ ಪರಿಹಾರ.

ಗಟ್ಟಿದನಿಯ ಬೆಲೆಯನ್ನು ಕಿವಿ ತೆರಬೇಕಾಗುತ್ತದೆಂಬುದನ್ನು ಮರೆಯಬಾರದು. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಎಂಬುದು ಅಮೆರಿಕದ ಆರೋಗ್ಯಸಂಸ್ಥೆ ಕೆಲಸಗಾರರಿಗೆ ಹಾಕಿಕೊಟ್ಟ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗುತ್ತ ಬಂದು, 100 ಡೆಸಿಬೆಲ್ಲಿಗೆ 15 ನಿಮಿಷ ಮಾತ್ರ ಉಳಿಯುತ್ತದೆ. ಮೇಲೆ ಹೇಳಿದ ಟೌನ್‌ಸೆಂಡ್ ಅವರೇ ತಮ್ಮ ಶ್ರವಣಶಕ್ತಿ ಕುಂದಿದುದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ, ಹಬ್ಬಗಳ ಕೆಲವೇ ದಿನಗಳಿಗೆ ಸರ್ಕಾರ ಕೊಡಬಹುದಾದ ವಿನಾಯಿತಿಯನ್ನು ಬಿಟ್ಟರೆ. ಓದುವ ಮಕ್ಕಳೂ ಮಲಗಿದ ವೃದ್ಧರೂ ಇರುವ ಬೀದಿಯಲ್ಲಿ ಈ ನಿಯಮವನ್ನು ಪೊಲೀಸರು ಬರುವ ಮೊದಲೇ ಪಾಲಿಸುವುದು ಕಲಾವಿದನಿಗೆ ಶೋಭೆ.

ಹೀಗೆ ಕೇಳುಗನಿಂದ ಹೊರಟು ಹಿಂದಕ್ಕೆ ಬಂದರೆ ಕಟ್ಟಕಡೆಗೆ ತಲಪುವುದು ಗೋಡೆಯ ಪ್ಲಗ್ಗನ್ನು. 1972ರ ಮೇ ತಿಂಗಳಿನಲ್ಲಿ ವೇಲ್ಸಿನ ಸ್ವಾನ್ಸಿ ನಗರದ ವೇದಿಕೆಯ ಮೇಲೆ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕರು, ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತವೆ, ಮೈಕಿನ ಜಾಲರಿ ಮೈಕ್‌ಸೆಟ್ಟಿನ ಅರ್ಥಿಗೆ. ಎರಡರಲ್ಲೊಂದು ಕೆಟ್ಟಿದ್ದರೆ, ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಗಲಿದ ಕ್ಷಣದಲ್ಲಿ ಮನುಷ್ಯನ ದೇಹವೇ ದಾರಿಯಾಗುತ್ತದೆ. ನಮ್ಮ ಪೆಂಡಾಲುಗಳಲ್ಲಿ ಪ್ಲಗ್ಗೇ ಇಲ್ಲದ ಬೋಳುತಂತಿಗಳನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿಯಿಂದ ಬಿಗಿಮಾಡುವುದನ್ನೂ, ಗುಂಯ್ ಎನ್ನುವ 50 ಹರ್ಟ್ಸಿನ ಸದ್ದನ್ನು ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಕಿತ್ತುಹಾಕುವುದನ್ನೂ ಯಾರಾದರೂ ನೋಡಿರಬಹುದು. ಆ ಪಿನ್ನನ್ನು ಯಾವ ಕಾರಣಕ್ಕೂ ಕೀಳಬಾರದು; ಗುಂಯ್‌ಗುಡುವುದನ್ನು ನಿಲ್ಲಿಸಲು ಡಿಐ ಬಾಕ್ಸಿನಲ್ಲಿಯೇ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ಚಿದೆ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರನ್ನು ಗಿಟಾರಿನ ಚೀಲದಲ್ಲಿ ಇಟ್ಟುಕೊಂಡಿದ್ದು, ಎಲ್ಲವನ್ನೂ ಆನ್ ಮಾಡಿದ ಮೇಲೆ, ಅದನ್ನು ಎಸಿ ವೋಲ್ಟಿಗೆ ತಿರುಗಿಸಿ, ಒಂದು ಮೊನೆಯನ್ನು ಮೈಕಿನ ಜಾಲರಿಗೂ ಇನ್ನೊಂದನ್ನು ಗಿಟಾರಿನ ತಂತಿಗೂ ತಾಗಿಸಿ ನೋಡಬೇಕು. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ಜನರೇಟರಿನ ಅರ್ಥಿಂಗ್ ಕಡ್ಡಿಯನ್ನು ಒದ್ದೆ ಮಣ್ಣಿನಲ್ಲಿ ಹುಗಿದಿದ್ದಾರೆಯೇ, ಗಿಟಾರಿಗೂ ಮೈಕ್‌ಸೆಟ್ಟಿಗೂ ಒಂದೇ ಬೋರ್ಡಿನಿಂದ ಕರೆಂಟು ತೆಗೆದಿದ್ದಾರೆಯೇ ಎಂದು ಮೈಕ್‌ಸೆಟ್ಟಿನವರನ್ನು ಕರೆದು ವಿಚಾರಿಸಿ, ಅವರು ಸರಿಪಡಿಸಿದ ಅನಂತರ ಮತ್ತೊಮ್ಮೆ ಅಳೆದು ನೋಡಿಯೇ ಗಿಟಾರನ್ನು ಹೆಗಲಿಗೆ ಹಾಕಿಕೊಳ್ಳತಕ್ಕದ್ದು.